ಹದಿನಾಲ್ಕು ಕಾರ್ಬನ್ ಚೀಟಿ, ಒಂದು ಪೆನ್‌ಡ್ರೈವ್

ಗಾಳಿ ಕಡಿಮೆಯಾದಾಗ ಬಸ್ಸು ಮಾಡುವ ಸದ್ದನ್ನು ನಾನು ಮೂರು ವಾರ ಕೇಳಿದ್ದೆ. ಸ್ಟಿಯರಿಂಗಿನ ಹತ್ತಿರ ಎಲ್ಲೋ ಒಳಗಿನಿಂದ ‘ಕೀಂ ಕೀಂ’ ಎಂದು ಬರುತ್ತಿತ್ತು. ಬ್ರೇಕಿಗೆ ಬೇಕಾದ ಗಾಳಿಯ ಒತ್ತಡ ಇಳಿದರೆ ಬಜರ್ ಹೀಗೆ ಬಡಿದುಕೊಳ್ಳುತ್ತದೆ ಎಂದು ನನಗಾಗ ಗೊತ್ತಿರಲಿಲ್ಲ. ಹಿಂದಿನ ಸೀಟಿನ ಹುಡುಗಿಯರು ಅದಕ್ಕೆ ತಾಳ ಹಾಕುತ್ತಿದ್ದರು. ಈಗ ಎದುರುಮನೆಯವರು ಕಾರು ರಿವರ್ಸ್ ತೆಗೆಯುವಾಗ ಬರುವ ಸಣ್ಣ ಸದ್ದಿಗೂ ನನ್ನ ಬಲಗಾಲು ತಾನಾಗಿಯೇ ಅಡುಗೆಮನೆಯ ನೆಲವನ್ನು ಒತ್ತಿ ಹಿಡಿಯುತ್ತದೆ. ಅಲ್ಲಿ ಬ್ರೇಕ್ ಇದೆಯೇನೋ ಎಂಬಂತೆ.

ನಾನು ಕುಣಿಗಲ್ಲಿನ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಮನೆ ತುಮಕೂರಿನ ಮರಳೂರಿನಲ್ಲಿ. ದಿನಾ ಕಾಲೇಜಿನ ಬಸ್ಸಿನಲ್ಲೇ ಹೋಗಿಬರುವುದು. ಬಾಗಿಲ ಪಕ್ಕದ ಮೊದಲ ಸೀಟು ನನ್ನದು ಎಂದು ಯಾರೂ ಹೇಳದೆಯೇ ಆಗಿಹೋಗಿತ್ತು. ಅಲ್ಲಿಂದ ಡ್ರೈವರ್ ಮುಖ ಅರ್ಧ ಕಾಣುತ್ತಿತ್ತು, ಅವರೆದುರಿನ ಮೀಟರುಗಳು ಪೂರ್ತಿ ಕಾಣುತ್ತಿದ್ದವು. ಗುಬ್ಬಿ ತಾಲ್ಲೂಕಿನ ಹಾಗಲವಾಡಿಯವರು. ನಮಗೆಲ್ಲ ಅವರು ಡ್ರೈವರಣ್ಣ. ಕಳೆದ ಆಯುಧಪೂಜೆಗೆ ಹುಡುಗಿಯರು ಬಸ್ಸಿನ ಮೂಗಿನಿಂದ ಹಿಡಿದು ಗೇರಿನ ಗುಂಡಿನವರೆಗೆ ಅರಿಶಿನ ಕುಂಕುಮ ಬಳಿದಾಗ ಅವರು ನಗುತ್ತಾ ನಿಂತಿದ್ದರು. ಗಾಳಿಯ ಮೀಟರಿಗೂ ಒಂದು ಬೊಟ್ಟು ಬಿದ್ದಾಗ ಮಾತ್ರ ಹೆಗಲ ಮೇಲಿನ ಟವೆಲ್ ತೆಗೆದು ಒರೆಸಿಬಿಟ್ಟರು. “ಇದೊಂದಕ್ಕೆ ಬ್ಯಾಡ ಕಣ್ರಮ್ಮಾ. ಇದು ಕಾಣ್ಬೇಕು ನಂಗೆ” ಎಂದರು.

ಆಮೇಲೆ ಒಂದು ತಿಂಗಳೂ ಕಳೆದಿರಲಿಲ್ಲ. ಬೆಳಿಗ್ಗೆ, ಕುಣಿಗಲ್ ಇನ್ನೇನು ಬಂತು ಎನ್ನುವಾಗ ಸಿಗುವ ಇಳಿಜಾರಿನಲ್ಲಿ ಅವರು ಬ್ರೇಕ್ ತುಳಿದರು. ಮತ್ತೆ ತುಳಿದರು. ಬಸ್ಸು ಕೇಳಲಿಲ್ಲ. ಮುಂದೆ ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರ್, ಕಾಯಿಯ ಮೇಲೆ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬಾಕೆ ನಮ್ಮ ಕಡೆಗೇ ನೋಡುತ್ತಾ ಎಲೆಅಡಿಕೆ ಜಗಿಯುತ್ತಿದ್ದಳು. “ಎಲ್ರೂ ಹಿಂದಕ್ಕೋಗಿ! ಕಂಬಿ ಇಡ್ಕಳಿ!” ಎಂದು ಡ್ರೈವರಣ್ಣ ಕೂಗಿದರು. ಗೇರು ಇಳಿಸಿದರು, ಹ್ಯಾಂಡ್‌ಬ್ರೇಕ್ ಎಳೆದರು. ಬಸ್ಸು ಮುಗ್ಗರಿಸಿತೇ ಹೊರತು ನಿಲ್ಲಲಿಲ್ಲ. ಎಡಕ್ಕೆ ಮೋರಿಯ ಕಲ್ಲಿನ ಗೋಡೆ, ನನ್ನ ಸೀಟಿನ ಕಡೆ. ಬಲಕ್ಕೆ, ರಸ್ತೆಯ ಆಚೆ ಬದಿಗೆ, ರಿಪೇರಿಗೆಂದು ಸುರಿದಿದ್ದ ಜಲ್ಲಿ ರಾಶಿ. ಅವರು ಬಲಕ್ಕೆ ತಿರುಗಿಸಿದರು. ಬಸ್ಸಿನ ಬಲಗಡೆಯ ಮೂಗು, ಅಂದರೆ ಅವರು ಕೂತಿದ್ದ ಕಡೆ, ಜಲ್ಲಿಯೊಳಗೆ ಹೂತುಹೋಯಿತು.

ಹುಡುಗಿಯರಿಗೆ ತರಚು ಗಾಯ. ನನ್ನ ಹಣೆಗೆ ನಾಲ್ಕು ಹೊಲಿಗೆ. ಅವರ ಕಾಲು ಎರಡು ಕಡೆ ಮುರಿದಿತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಕಾಲೇಜಿನ ಆಫೀಸಿನವರೊಬ್ಬರು ಹಾಳೆ ಹಿಡಿದು ಬಂದರು. “ಮೇಡಂ, ಮುಂಚೆ ಏನಾದ್ರೂ ಸೌಂಡ್ ಗೀಂಡ್ ಬಂದಿತ್ತಾ ಗಾಡೀಲಿ?” ಎಂದು ಕೇಳಿದರು. ಇಲ್ಲ ಎಂದೆ. ಹಾಗೇ ಬರೆದುಕೊಂಡರು, ಸಹಿ ಹಾಕಿದೆ. ಆ ಹೊತ್ತಿನಲ್ಲಿ ನನ್ನ ತಲೆಯೊಳಗೆ ಜಲ್ಲಿ ಸುರಿಯುವ ಸದ್ದು ಬಿಟ್ಟು ಇನ್ನೇನೂ ಇರಲಿಲ್ಲ. ಆದರೆ ಎರಡು ದಿನದ ಮೇಲೆ ‘ಕೀಂ ಕೀಂ’ ನೆನಪಾಯಿತು. ನೆನಪಾದ ಮೇಲೂ ಹೋಗಿ ತಿದ್ದಿಸಲಿಲ್ಲ. ಹಣೆ ವಾಸಿಯಾಗಲಿ, ನಾಳೆ ನೋಡೋಣ ಎಂದುಕೊಂಡೇ ದಿನ ದೂಡಿದೆ.

ಅಷ್ಟರಲ್ಲಿ ಡ್ರೈವರಣ್ಣನ ಮನೆಗೆ ನೋಟಿಸು ಹೋಯಿತು. ಅಜಾಗರೂಕತೆಯಿಂದ ಬಸ್ಸು ಓಡಿಸಿದ್ದಾರೆ, ಬ್ರೇಕ್ ಸರಿಯಿಲ್ಲವೆಂದು ಯಾವತ್ತೂ ದೂರು ಕೊಟ್ಟಿಲ್ಲ, ವಿಚಾರಣೆಗೆ ಉತ್ತರಿಸಬೇಕು ಎಂದಿತ್ತು. ತಪ್ಪು ಅವರದೇ ಎಂದಾದರೆ ಕೆಲಸ ಹೋಗುವುದರ ಜೊತೆಗೆ ಲೈಸೆನ್ಸಿಗೂ ಕುತ್ತು. ಇಪ್ಪತ್ತು ವರ್ಷದಿಂದ ಸ್ಟಿಯರಿಂಗ್ ಬಿಟ್ಟು ಬೇರೆ ಕೆಲಸ ಮಾಡಿದವರಲ್ಲ ಅವರು. ವಿಚಾರಣೆ ಮಾಡುವವರು ಒಬ್ಬ ವಯಸ್ಸಾದ ವಕೀಲರು. ದಾಖಲೆಗಳೇನಿದ್ದರೂ ಸ್ಕ್ಯಾನ್ ಮಾಡಿ ಪೆನ್‌ಡ್ರೈವಿನಲ್ಲಿ ತರಬೇಕು, ಜೊತೆಗೆ ಅಸಲನ್ನು ತೋರಿಸಬೇಕು, ಮೊಬೈಲಿನಲ್ಲಿ ತೆಗೆದ ಫೋಟೋ ನಡೆಯುವುದಿಲ್ಲ ಎಂದು ಅವರು ಬರೆಸಿದ್ದರು. ಶನಿವಾರ ಮಧ್ಯಾಹ್ನ ಮೂರು ಗಂಟೆಗೆ, ತುಮಕೂರಿನಲ್ಲಿ.

ಕಾಗದಪತ್ರ ಜೋಡಿಸಲು ನನ್ನ ಸಹಾಯ ಕೇಳಿದ್ದ ಡ್ರೈವರಣ್ಣನ ಹೆಂಡತಿ ಶುಕ್ರವಾರ ಸಂಜೆ ಫೋನ್ ಮಾಡಿದರು. “ಮೇಡಂ, ಚೀಟಿ ಬುಕ್ಕು ಸಿಕ್ತು ಕಣ್ರಿ! ಬಸ್ಸಿಂದ ತಂದಿದ್ ಕಂಬಳಿ ಒಳ್ಗೇ ಸುತ್ಕಂಡಿತ್ತು.”

ಡ್ರೈವರಣ್ಣ ಮೊದಲು ಲಾರಿ ಆಫೀಸೊಂದರಲ್ಲಿ ಡ್ರೈವರಾಗಿದ್ದವರು. ಅಲ್ಲಿ ಕಲಿತ ಅಭ್ಯಾಸವನ್ನು ಕಾಲೇಜಿಗೂ ತಂದಿದ್ದರು. ಗಾಡಿಯಲ್ಲಿ ಏನೇ ತೊಂದರೆ ಕಂಡರೂ ಬಾಯಲ್ಲಿ ಹೇಳಿ ಬಿಡುತ್ತಿರಲಿಲ್ಲ. ಕಾರ್ಬನ್ ಇಟ್ಟು ಚೀಟಿ ಬರೆದು, ಮೇಲಿನದನ್ನು ಬಸ್ಸುಗಳ ಉಸ್ತುವಾರಿಯವರಿಗೆ ಕೊಟ್ಟು, ಕೆಳಗಿನ ಕಾಪಿಯ ಮೇಲೆ ಅವರಿಂದ ಸಹಿ ಹಾಕಿಸಿಕೊಳ್ಳುತ್ತಿದ್ದರು. ಕೊಟ್ಟ ಚೀಟಿಗಳು ಆಫೀಸಿನಲ್ಲಿ ಈಗ ಸಿಗುತ್ತಿಲ್ಲವಂತೆ. ಉಳಿದದ್ದು ಈ ಕಾಪಿಗಳು ಮಾತ್ರ.

“ಗುಬ್ಬಿಗೇ ಬಂದ್ಬುಡಿ ಮೇಡಂ. ಬಸ್ ಸ್ಟ್ಯಾಂಡ್ ತಾವ ನಮ್ಗೊತ್ತಿರೋ ಜೆರಾಕ್ಸ್ ಅಂಗ್ಡಿ ಐತೆ. ಮುಂದಕ್ಕೆ ತರೋ ಮುಂಚೆ ಅಲ್ಲೇ ಒಂದ್ ಕಾಪಿ ಆಗೋಗ್ಲಿ” ಎಂದರು ಅವರು. ನನಗೂ ಅದೇ ಸರಿಯೆನಿಸಿತು. ಬುಕ್ಕು ದಾರಿಯಲ್ಲಿ ಕಳೆದರೆ ಇನ್ನೊಂದಿಲ್ಲ. ಶನಿವಾರ ಬೆಳಿಗ್ಗೆ ನಾನು ರೈಲಿನಲ್ಲಿ ಗುಬ್ಬಿಗೆ ಹೋದೆ. ಬಸ್ಸುಗಳು ಬೇಕಾದಷ್ಟಿದ್ದವು. ಹತ್ತುವ ಧೈರ್ಯ ಇರಲಿಲ್ಲ.

ಅಂಗಡಿಯವರು ಐವತ್ತರ ಆಸುಪಾಸಿನವರು, ಕನ್ನಡಕವನ್ನು ಹಣೆಗೇರಿಸಿಕೊಂಡು ಅದನ್ನೇ ಹುಡುಕುವ ಪೈಕಿ. ಆವತ್ತು ಲೈನ್ ಕೆಲಸವೆಂದು ಬೆಳಿಗ್ಗೆಯಿಂದ ಕರೆಂಟಿರಲಿಲ್ಲ. ಇವರಲ್ಲಿ ಇನ್ವರ್ಟರ್ ಇತ್ತು. ಅಕ್ಕಪಕ್ಕದ ಅಂಗಡಿಗಳವರು ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದರು.

“ಪೆನ್‌ಡ್ರೈವ್ ತಾನೆ ಮೇಡಂ? ಎರಡೇ ನಿಮಿಷ” ಎಂದು ನನ್ನ ಪೆನ್‌ಡ್ರೈವನ್ನು ಪ್ರಿಂಟರಿನ ಮುಂಭಾಗದ ಕಿಂಡಿಗೆ ತುರುಕಿದರು. ಪೆನ್‌ಡ್ರೈವ್ ಹಾಕಿ ಎಂದು ಪ್ರಿಂಟರಿನ ಪುಟ್ಟ ಪರದೆ ಕೇಳಿತು. ತೆಗೆದು ಮತ್ತೆ ಹಾಕಿದರು. ಮತ್ತೆ ಅದನ್ನೇ ಕೇಳಿತು. ಆಫ್ ಮಾಡಿ ಆನ್ ಮಾಡಿದರು. ಅದೇ ಮಾತು.

“ನಿಮ್ ಪೆನ್‌ಡ್ರೈವಲ್ಲಿ ವೈರಸ್ ಇರ್ಬೇಕು.”

“ಕಂಪ್ಯೂಟರಿಗೆ ಹಾಕಿ ನೋಡಿ” ಎಂದೆ. ಕಂಪ್ಯೂಟರಿನಲ್ಲಿ ಅದು ಚೆನ್ನಾಗಿ ತೆರೆದುಕೊಂಡಿತು. “ಹಾಗಾದರೆ ಸೀದಾ ಕಂಪ್ಯೂಟರಿಗೇ ಸ್ಕ್ಯಾನ್ ಮಾಡಬಹುದಲ್ಲ?”

“ಮಾಡ್ಬೋದಿತ್ತು. ಇವೆರಡ್ರ ಮಧ್ಯದ ಕೇಬಲ್ಲು ಇಲಿ ತಿಂದೈತೆ. ತುಮಕೂರಿಂದ ತರ್ಬೇಕು, ತರ್ಬೇಕು ಅಂತ ಎರಡು ತಿಂಗಳಾಯ್ತು.”

ಅಕ್ಕ (ಡ್ರೈವರಣ್ಣನ ಹೆಂಡತಿಯನ್ನು ನಾನು ಹಾಗೇ ಕರೆಯುವುದು) ಬುಕ್ಕನ್ನು ಎದೆಗವುಚಿಕೊಂಡು ನಿಂತವರು ಬಗ್ಗಿ ಪ್ರಿಂಟರಿನ ಮುಖವನ್ನೇ ನೋಡಿದರು. “ಇದೇನಣ್ಣ, ಇಲ್ಲಿ ಕೆಂಪಗೆ?”

ನಾನೂ ಬಗ್ಗಿದೆ. ಪೆನ್‌ಡ್ರೈವ್ ಹಾಕುವ ಕಿಂಡಿಯ ಸುತ್ತ ಅರಿಶಿನದ ಗೆರೆ, ಅದರ ನಡುವೆ, ಸರಿಯಾಗಿ ಕಿಂಡಿಯೊಳಕ್ಕೇ, ಒಣಗಿ ಗಟ್ಟಿಯಾದ ಗಂಧ ಕುಂಕುಮದ ಉಂಡೆ. ಆಯುಧಪೂಜೆಯ ಬೊಟ್ಟು. ಆವತ್ತಿನಿಂದ ಯಾರೂ ಪೆನ್‌ಡ್ರೈವ್ ತಂದಿರಲಿಲ್ಲ.

“ಬಾಯಿಗೇ ಮೆತ್ತಿದ್ರೆ ಅದು ಉಣ್ಣದೆಂಗಣ್ಣ?” ಎಂದರು ಅಕ್ಕ.

“ಎಲ್ಲಿಗಿಡ್ಲಿ ಹೇಳಕ್ಕ? ಕಂಪ್ಯೂಟರ್‌ಗಾದ್ರೆ ಹಣೆ ಐತೆ. ಇದು ನೋಡಿದ್ರೆ ಹಣೆ ಯಾವ್ದು ಹೊಟ್ಟೆ ಯಾವ್ದು ಗೊತ್ತಾಗಲ್ಲ. ಮಧ್ಯದಲ್ಲಿ ಗೂಡಿನಂಗೆ ಕಾಣ್ತು, ಇಟ್ಟೆ.” ಆಮೇಲೆ ದನಿ ತಗ್ಗಿಸಿ, “ನಮ್ಮನೇಲಿ ಹೇಳ್ಬೇಡಿ. ಅಲ್ಲೇ ಇಡು ಅಂದಿದ್ದೇ ಅವ್ಳು” ಎಂದರು.

ಬಸ್ಸು ಜಲ್ಲಿಗೆ ನುಗ್ಗಿದ ಮೇಲೆ ನಾನು ನಕ್ಕದ್ದು ಅದೇ ಮೊದಲು. ಹೊಲಿಗೆಯ ಜಾಗ ಎಳೆಯಿತು.

ಅಕ್ಕ ಆಗಲೇ ಸೆರಗಿನ ಪಿನ್ನು ತೆಗೆದಿದ್ದರು. ಬೇಡ ಎಂದೆ. ಕಬ್ಬಿಣ ಹಾಕಿ ಕೆರೆದರೆ ಒಳಗಿನ ತಗಡು ಒಂದಕ್ಕೊಂದು ತಾಗಿ ಪ್ರಿಂಟರೇ ಹೋಗಬಹುದು. ಅದನ್ನು ಆಫ್ ಮಾಡಿಸಿ, ಪ್ಲಗ್ ಕೀಳಿಸಿದೆ. ಪಕ್ಕದ ಮೆಡಿಕಲ್ಸಿನಿಂದ ಸ್ಪಿರಿಟ್ ತಂದೆ. ತೆಂಗಿನ ಗರಿಯ ಪೊರಕೆಯಿಂದ ಅಕ್ಕ ಒಂದು ಕಡ್ಡಿ ಮುರಿದುಕೊಟ್ಟರು. ಅಂಗಡಿಯವರು ದೇವರ ಪಟದ ಮುಂದಿದ್ದ ಹೊಸ ಬತ್ತಿಯೊಂದನ್ನು ಬಿಚ್ಚಿ ಹತ್ತಿ ಕೊಟ್ಟರು. ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಸ್ವಲ್ಪ ಸ್ವಲ್ಪವೇ ಒರೆಸಿ ತೆಗೆದೆ. ನಾಲ್ಕು ಹತ್ತಿ ಕೆಂಪಾದವು, ಐದನೆಯದು ಬೆಳ್ಳಗೇ ಬಂತು. ಸ್ಪಿರಿಟ್ ಪೂರ್ತಿ ಆರುವ ತನಕ ಹತ್ತು ನಿಮಿಷ ಮುಟ್ಟಬೇಡಿ ಎಂದೆ. ಲ್ಯಾಬಿನಲ್ಲಿ ಮಕ್ಕಳಿಗೆ ಹೇಳುವ ದನಿಯಲ್ಲೇ ಹೇಳಿದೆನೆಂದು ಕಾಣುತ್ತದೆ. ಅಂಗಡಿಯವರು ಕೈಕಟ್ಟಿ ನಿಂತರು.

ಮತ್ತೆ ಆನ್ ಮಾಡಿದಾಗ ಅದು ಪೆನ್‌ಡ್ರೈವನ್ನು ಗುರುತಿಸಿತು. ಗುರುತಿಸಿ, ಇದು ನನಗೆ ಆಗುವುದಿಲ್ಲ ಎಂದಿತು. ನನ್ನದು ತೀರಾ ದೊಡ್ಡದು, ಹೊಸದು. ಹಳೆಯ ಪ್ರಿಂಟರಿಗೆ ಅದರ ಫಾರ್ಮ್ಯಾಟ್ ಓದಲು ಬರುತ್ತಿರಲಿಲ್ಲ. ಅಂಗಡಿಯವರು ಬೀಗದ ಕೈ ಗೊಂಚಲಿನಿಂದ ಒಂದು ಹಳೆಯ ಚಿಕ್ಕ ಪೆನ್‌ಡ್ರೈವ್ ಬಿಚ್ಚಿದರು. “ಇದ್ರಲ್ಲಿ ನಮ್ಮ ಮಗಳ ಮದುವೆ ಓಲಗ ಐತೆ. ಅದನ್ನ ಅಳಿಸ್ಬೇಡಿ, ಜಾಗ ಐತೆ.” ಅದನ್ನು ಪ್ರಿಂಟರು ಒಂದೇ ಸಲಕ್ಕೆ ಒಪ್ಪಿಕೊಂಡಿತು.

ಹದಿನಾಲ್ಕು ಚೀಟಿ. ಮೊದಲ ಮೂರನ್ನು ಸ್ಕ್ಯಾನ್ ಮಾಡಿ, ಸೇವ್ ಮಾಡಿ, ಹೇಗೆ ಬಂದಿದೆ ನೋಡೋಣವೆಂದು ಕಂಪ್ಯೂಟರಿನಲ್ಲಿ ತೆರೆದೆವು. ಹಾಳೆ ಖಾಲಿ! ಕೆಳಗೆ ಉಸ್ತುವಾರಿಯವರು ಪೆನ್ನಿನಲ್ಲಿ ಹಾಕಿದ್ದ ಸಹಿ ಮಾತ್ರ ಕಪ್ಪಗೆ ನಿಂತಿತ್ತು. ಅದರ ಮೇಲೆ ಡ್ರೈವರಣ್ಣ ಬರೆದದ್ದು ಒಂದಕ್ಷರವೂ ಇರಲಿಲ್ಲ.

ಅಕ್ಕನ ಮುಖ ಸಣ್ಣಗಾಯಿತು. “ಬರ್ದಿದ್ದೆಲ್ಲ ಎಲ್ಲೋಯ್ತು ಮೇಡಂ? ಅಳಿಸ್ಬುಡ್ತಾ ಮಷೀನು?”

ಅಸಲು ತೆರೆದು ತೋರಿಸಿದೆ. ಬರಹ ಅಲ್ಲೇ ಇತ್ತು. ಹಳೆಯ ಕಾರ್ಬನ್ನಿನ ನೀಲಿ ಅಷ್ಟು ತೆಳು. ಅಂಗಡಿಯವರು ದಿನಾ ಪಹಣಿ, ಆಧಾರ್ ಜೆರಾಕ್ಸ್ ಮಾಡುವ ಕಪ್ಪು-ಬಿಳುಪಿನಲ್ಲೇ ಇದನ್ನೂ ಮಾಡಿದ್ದರು. ಆ ಲೆಕ್ಕದಲ್ಲಿ ತೆಳು ನೀಲಿಯೂ ಬಿಳಿಯೇ. ಕಲರಿಗೆ ಬದಲಿಸಿ, ಇನ್ನಷ್ಟು ದಟ್ಟವಾಗಿ ಬರುವಂತೆ ಇಟ್ಟೆವು. ಹಾಳೆ ತೆಳುವಾದ್ದರಿಂದ ಹಿಂದಿನ ಚೀಟಿಯ ಅಕ್ಷರ ಕಾಣದ ಹಾಗೆ ನಡುವೆ ಒಂದು ಬಿಳಿ ಹಾಳೆ ಇಟ್ಟೆವು. ಅಕ್ಕ ಬುಕ್ಕಿನ ಬೆನ್ನನ್ನು ಗಾಜಿಗೆ ಒತ್ತಿ ಹಿಡಿದರು. ಈಗ ತೆರೆದಾಗ ಪರದೆಯ ಮೇಲೆ ಡ್ರೈವರಣ್ಣನ ದುಂಡನೆಯ ಅಕ್ಷರ ಒಂದೊಂದಾಗಿ ಎದ್ದು ನಿಂತಿತು. ‘ಗಾಡಿಗೆ ಗಾಳಿ ನಿಲ್ಲುತ್ತಿಲ್ಲ. ದಯವಿಟ್ಟು ವರ್ಕ್‌ಶಾಪಿಗೆ ಬಿಡಬೇಕು.’ ಅದರ ಕೆಳಗೆ ಸಹಿ.

“ಇದು ನೋಡ್ರಿ ನಮ್ಮೋರ್ ಬರ್ಯೋದು” ಎಂದರು ಅಕ್ಕ. “ಮದ್ವೆ ಆದ್ ಹೊಸ್ದ್ರಲ್ಲಿ ಸಾಮಾನ್ ಚೀಟಿನೂ ದಯವಿಟ್ಟು ಅಂತ್ಲೇ ಬರ್ಯೋರು, ಅಂಗ್ಡಿಯೋನು ನಗಾಡೋನು.”

ಒಂಬತ್ತನೆಯ ಚೀಟಿ ಗಾಜಿನ ಮೇಲಿದ್ದಾಗ ಮೂಲೆಯಲ್ಲಿದ್ದ ಇನ್ವರ್ಟರ್ ಕೂಗಲು ಶುರುಮಾಡಿತು. ಬ್ಯಾಟರಿ ಇಳಿದಿತ್ತು. ಕೀಂ ಕೀಂ. ಕೀಂ ಕೀಂ.

ನನ್ನ ಬಲಗಾಲು ನೆಲವನ್ನು ಒತ್ತಿತು. ಎದುರಿಗೆ ಅಂಗಡಿಯ ಗೋಡೆ ಹೋಗಿ ಟ್ರ್ಯಾಕ್ಟರ್ ಬಂತು, ಎಲೆಅಡಿಕೆ ಜಗಿಯುವ ಬಾಯಿ ಬಂತು. ಕೈ ಗಾಜಿನ ಮೇಲೆ ಇದ್ದಲ್ಲೇ ಇತ್ತು. ಮುಂದಿನ ಪುಟ ಇದೆಯೇ ಎಂದು ಪ್ರಿಂಟರಿನ ಪರದೆ ಕೇಳುತ್ತಲೇ ಇತ್ತು.

“ಮೇಡಂ. ಮೇಡಂ! ನೋಡಿಲ್ಲಿ” ಅಕ್ಕ ನನ್ನ ಮೊಣಕೈ ಹಿಡಿದು ಅಲುಗಿಸಿದರು. “ಗುಬ್ಬಿ ಇದು. ನಿಂತ್ಕಂಡಿದೀರಿ ನೀವು, ಕೂತಿಲ್ಲ. ನೆಲ ನೋಡಿ, ಓಡ್ತೈತಾ?”

ನೆಲ ನೋಡಿದೆ. ಕಾಗದದ ಚೂರು, ಒಂದು ಗುಂಡುಪಿನ್ನು, ನನ್ನ ಚಪ್ಪಲಿ. ಓಡುತ್ತಿರಲಿಲ್ಲ.

“ಎಷ್ಟೊತ್ತು ಬರ್ತದೆ ಬ್ಯಾಟರಿ?” ಅಂಗಡಿಯವರನ್ನು ಕೇಳಿದೆ.

“ಹತ್ತು ನಿಮಿಷ. ಹದಿನೈದು ಅಂದ್ರೆ ದೇವ್ರು ದೊಡ್ಡೋನು.”

ಎಲ್ಲ ಮುಗಿಸಿ ಒಟ್ಟಿಗೆ ಸೇವ್ ಮಾಡುವಾಗ ಆಫ್ ಆದರೆ ಏನೂ ಉಳಿಯುವುದಿಲ್ಲ. ಒಂಬತ್ತಕ್ಕೆ ನಿಲ್ಲಿಸಿ ಸೇವ್ ಮಾಡಿದೆವು. ಪೆನ್‌ಡ್ರೈವಿನ ದೀಪ ಮಿಣುಕುವುದು ನಿಲ್ಲುವ ತನಕ ಮೂವರೂ ಉಸಿರು ಹಿಡಿದು ನೋಡಿದೆವು. ಅಂಗಡಿಯವರು ಫ್ಯಾನು, ಟ್ಯೂಬ್‌ಲೈಟು, ಕೊನೆಗೆ ಕಂಪ್ಯೂಟರನ್ನೂ ಆರಿಸಿದರು. ಮತ್ತೆ ಹತ್ತು, ಹನ್ನೊಂದು.

ಹನ್ನೆರಡನೆಯ ಚೀಟಿಯನ್ನು ಗಾಜಿಗೆ ಇಡುವ ಮೊದಲು ಓದಿದೆ. ‘ಬಜರ್ ದಿನಾ ಬಡಿಯುತ್ತಿದೆ. ಮುಂದಿನ ಸೀಟಿನ ಕೆಮಿಸ್ಟ್ರಿ ಮೇಡಂ ಸಹ ಇದು ಏನು ಸದ್ದು ಎಂದು ಕೇಳಿದರು. ದಯವಿಟ್ಟು ತಡ ಮಾಡಬಾರದು.’

ಕೇಳಿದ್ದು ನೆನಪಾಯಿತು. ಏನಣ್ಣ ಇದು ದಿನಾ ಎಂದು ನಾನು ಕೇಳಿದ್ದೆ. “ಬರ್ದು ಕೊಟ್ಟಿದೀನಿ ಬುಡಿ ಮೇಡಂ, ಮಾಡಿಸ್ತಾರೆ” ಎಂದಿದ್ದರು. ನಾನು ಮತ್ತೆ ಉತ್ತರಪತ್ರಿಕೆ ತಿದ್ದಲು ತಲೆ ತಗ್ಗಿಸಿದ್ದೆ. ಈಗ ವಕೀಲರ ಮುಂದೆ ಈ ಚೀಟಿಯೂ ಹೋಗುತ್ತದೆ, ಸದ್ದೇ ಇರಲಿಲ್ಲವೆಂದು ನಾನು ಸಹಿ ಮಾಡಿದ ಹಾಳೆಯೂ ಹೋಗುತ್ತದೆ. ಎರಡರಲ್ಲಿ ಒಂದು ಸುಳ್ಳು. ಕಾಲೇಜಿನವರ ಕಡತದಲ್ಲಿ ಸುಳ್ಳಾಗುವುದು ಯಾರ ಮಾತೆಂದು ಹೇಳಬೇಕಾಗಿರಲಿಲ್ಲ.

ಅಕ್ಕನೂ ಓದಿದರು. ಏಳನೇ ಕ್ಲಾಸು ಓದಿದವರು, ತುಟಿ ಅಲುಗಿಸುತ್ತಾ ನಿಧಾನವಾಗಿ. “ನಿಮ್ಗೂ ಕೇಳ್ಸಿತ್ತಾ ಮೇಡಂ?”

“ಕೇಳಿಸಿತ್ತು ಅಕ್ಕ. ಆಸ್ಪತ್ರೇಲಿ ಇಲ್ಲ ಅಂತ ಬರೆದುಕೊಟ್ಟುಬಿಟ್ಟಿದ್ದೀನಿ. ಆಮೇಲೆ ನೆನಪಾಯ್ತು. ಹೋಗಿ ಹೇಳಲಿಲ್ಲ.”

ಇನ್ವರ್ಟರ್ ಕೂಗುತ್ತಿತ್ತು. ಅವರು ಬೈದರೂ ತಪ್ಪಿಲ್ಲವೆಂದು ಕಾದೆ. ಅವರು ಬುಕ್ಕಿನ ಅಂಚನ್ನು ಬೆರಳಿನಿಂದ ಸವರಿದರು.

“ನಮ್ಮೋರು ನಿಮ್ ಕಡೆಗೆ ತಿರುಗ್ಸಿದ್ರೆ ಕಾಲು ಉಳ್ಕಳೋದು” ಎಂದರು ಕೊನೆಗೆ. “ನಾನ್ ಒಂದಿನ ಕೇಳ್ದೆ, ಯಾಕಂಗ್ ಮಾಡ್ದೆ ಅಂತ. ಆ ಕಡೆ ಮೇಡಂ ಇದ್ರಲ್ಲೇ ಅಂದ್ರು. ಅಷ್ಟೇಯಾ. ಇನ್ನೇನ್ ಹೇಳನಾ? ಇವತ್ತು ಹೌದು ಅಂತ ಬರ್ಕೊಡಿ.”

ಅಂಗಡಿಯವರು ಒಂದು ಬಿಳಿ ಹಾಳೆ, ಒಂದು ಪೆನ್ನು ಮುಂದಿಟ್ಟರು. ನಿಂತೇ ಬರೆದೆ. ಏನು ಕೇಳಿಸಿತು, ಯಾವಾಗಿಂದ, ಅವರನ್ನು ಏನು ಕೇಳಿದೆ, ಅವರು ಏನೆಂದರು, ಎಡಕ್ಕೆ ಏನಿತ್ತು, ಬಲಕ್ಕೆ ಏನಿತ್ತು, ಅವರು ಯಾವ ಕಡೆ ತಿರುಗಿಸಿದರು. ಮೊದಲು ಇಲ್ಲವೆಂದದ್ದು ತಪ್ಪು ಎಂದೂ ಬರೆದೆ. ಬರೆಯುವಾಗ ಆ ಬೆಳಗು ಮತ್ತೆ ತಲೆಯಲ್ಲಿ ಓಡಿತು, ಆದರೆ ಈ ಸಲ ಕೊನೆಯ ಸಾಲಿಗೆ ಬಂದು ನಿಂತಿತು. ಹದಿನಾಲ್ಕು ಚೀಟಿ ಮುಗಿದ ಮೇಲೆ ನನ್ನ ಹಾಳೆಯನ್ನು ಗಾಜಿಗೆ ಇಟ್ಟೆವು. ಸೇವ್. ದೀಪ ಮಿಣುಕಿತು, ಮಿಣುಕಿತು, ನಿಂತಿತು. ಪೆನ್‌ಡ್ರೈವ್ ಎಳೆದುಕೊಂಡು ಎರಡು ನಿಮಿಷಕ್ಕೆ ಇನ್ವರ್ಟರ್ ಸುಮ್ಮನಾಯಿತು. ಅಂಗಡಿ ಕತ್ತಲಾಯಿತು. ಹೊರಗೆ ಬಿಸಿಲು ಚೆನ್ನಾಗಿತ್ತು.

ಒಂದೂವರೆ ಗಂಟೆ. ತುಮಕೂರಿಗೆ ಆ ಹೊತ್ತಿನಲ್ಲಿ ರೈಲಿಲ್ಲ. ಎದುರಿಗೇ ಒಂದು ಬಸ್ಸು ಹಾರ್ನ್ ಹಾಕುತ್ತಾ ನಿಂತಿತ್ತು.

“ಹತ್ತಿ” ಎಂದರು ಅಕ್ಕ. “ಕಿಟಕಿ ತಾವ ನಾನ್ ಕೂತ್ಕತೀನಿ. ನೀವು ನನ್ನೇ ನೋಡ್ತಿರಿ. ರಸ್ತೆ ನಾನ್ ನೋಡ್ಕತೀನಿ.” ದಾರಿಯುದ್ದಕ್ಕೂ ಅವರು ತಮ್ಮ ಅಳಿಯನ ಮನೆಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ಬೈದರು. ನಾನು ಕೇಳಿಸಿಕೊಂಡೆ. ಬಸ್ಸು ನಿಲ್ಲಬೇಕಾದ ಕಡೆಯೆಲ್ಲ ನಿಂತಿತು.

ವಕೀಲರು ಪೆನ್‌ಡ್ರೈವ್ ತೆರೆದಾಗ ಮೊದಲು ‘ಮಗಳ ಮದುವೆ ಓಲಗ’ ಎಂಬ ಫೋಲ್ಡರು ಕಂಡಿತು. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಕ್ಷಮಿಸಿ ಸರ್, ಅದರ ಕೆಳಗಿನದು ಎಂದೆ. ಒಂದೊಂದೇ ಚೀಟಿ ನೋಡಿ, ಬುಕ್ಕಿನ ಜೊತೆ ಹೋಲಿಸಿ, ಉಸ್ತುವಾರಿಯವರ ಕಡೆ ತಿರುಗಿ, “ಈ ಸಹಿ ನಿಮ್ದೇನ್ರಿ?” ಎಂದು ಕೇಳಿದರು. ಅವರು ಬಹಳ ಹೊತ್ತು ನೋಡಿದರು. ಹೌದು ಸರ್ ಎಂದರು. ಕೊನೆಯ ಹಾಳೆಗೆ ಬಂದಾಗ ವಕೀಲರು ಅದನ್ನು ಎರಡು ಸಲ ಓದಿದರು. “ಮುಂಚೆ ಯಾಕಮ್ಮ ಹೇಳಲಿಲ್ಲ?” ಎಂದರು. ಹೆದರಿದ್ದೆ ಎಂದೆ. ಅದನ್ನೂ ಬರೆದುಕೊಂಡರು.

ನೋಟಿಸು ವಾಪಸಾಗಲು ಮತ್ತೂ ಕೆಲವು ವಾರ ಹಿಡಿಯಿತು. ಹಳೆಯ ಬಸ್ಸುಗಳೆಲ್ಲ ಒಂದೊಂದಾಗಿ ವರ್ಕ್‌ಶಾಪಿಗೆ ಹೋಗಿಬಂದವು. ಡ್ರೈವರಣ್ಣನ ಕಾಲಿನ ಕಟ್ಟು ಬಿಚ್ಚಿ, ಕುಂಟು ಕಡಿಮೆಯಾಗಿ, ಡಾಕ್ಟರು ಗಾಡಿ ಓಡಿಸಬಹುದು ಎಂದು ಬರೆದುಕೊಟ್ಟಾಗ ಬೇಸಿಗೆ ಬಂದಿತ್ತು.

ಅವರು ಮತ್ತೆ ಸ್ಟಿಯರಿಂಗ್ ಹಿಡಿದ ಮೊದಲ ಬೆಳಿಗ್ಗೆ ನಾನು ಮರಳೂರಿನ ಸ್ಟಾಪಿನಲ್ಲಿ ಬಾಗಿಲು ಹಿಡಿದು ಮೆಟ್ಟಿಲ ಮೇಲೇ ನಿಂತೆ. ಒಳಗೆ ಹುಡುಗಿಯರು ಗಲಾಟೆ ಮಾಡುತ್ತಿದ್ದರು. ನನ್ನ ಸೀಟು ಖಾಲಿ ಬಿಟ್ಟಿದ್ದರು.

“ಗಾಳಿ ಎಷ್ಟಿದೆ ಅಣ್ಣ?” ಎಂದು ಕೇಳಿದೆ.

ಅವರು ಟವೆಲಿನ ತುದಿಯಿಂದ ಮೀಟರಿನ ಗಾಜನ್ನೊಮ್ಮೆ ಒರೆಸಿ, ನನಗೂ ಕಾಣಲೆಂದು ಪಕ್ಕಕ್ಕೆ ಸರಿದರು. “ಏಳೈತೆ ಮೇಡಂ, ಬ್ರೇಕಿಗೆ ಬೇಕಾದಷ್ಟು. ಬನ್ನಿ, ಕೂತ್ಕಳಿ.”

ಮುಳ್ಳು ಏಳರ ಮೇಲೆ ಅಲುಗದೆ ನಿಂತಿತ್ತು. ನಾನು ಹೋಗಿ ಕೂತೆ.